ಚಾನೆಲ್‌ಗಳ ಜಗಳದಲ್ಲಿ ಬಡವಾದ ಬಾಕ್ಸಿಂಗ್

ಮೂವತ್ತಾರು ನಿಮಿಷಗಳ ಆಟ ನೋಡಲು ನೂರು ಡಾಲರ್! 2015ರ ಮೇ 2ರಂದು ಲಾಸ್ ವೇಗಸ್‌ನಲ್ಲಿ ಅಮೆರಿಕದ ಫ್ಲಾಯ್ಡ್ ಮೇವೆದರ್ ಹಾಗೂ ಫಿಲಿಪ್ಪೀನ್ಸ್‌ನ ಮ್ಯಾನಿ ಪ್ಯಾಕಿಯಾವೊ ಸೆಣಸಿದಾಗ, ಅದನ್ನು ಮನೆಯ ಟೀವಿಯಲ್ಲಿ ಸ್ಪಷ್ಟ ಚಿತ್ರದೊಂದಿಗೆ ನೋಡಬಯಸಿದ ಅಮೆರಿಕನ್ನರು ತೆತ್ತ ಬೆಲೆ ಇದು. ಆದರೂ ಸುಮಾರು 46 ಲಕ್ಷ ಮಂದಿ ಹಣ ಕಟ್ಟಿದರು. ಈ ಮಾರಾಟದಿಂದಲೇ 40 ಕೋಟಿ ಡಾಲರ್‌ಗೂ ಹೆಚ್ಚು ಹಣ ಹರಿದುಬಂತು.

ಇದಕ್ಕೆ ‘ಪೇ-ಪರ್-ವ್ಯೂ’ ಎಂದು ಹೆಸರು. ಕೇಬಲ್‌ಗೆ ತಿಂಗಳ ಬಾಡಿಗೆ ಕಟ್ಟಿದರಷ್ಟೇ ಸಾಲದು. ದೊಡ್ಡ ಪಂದ್ಯವೊಂದನ್ನು ನೋಡಬೇಕಾದರೆ ಆ ಪಂದ್ಯಕ್ಕೆಂದೇ ಬೇರೆ ಹಣ ತೆರಬೇಕು. ಬಂದ ಹಣದಲ್ಲಿ ಕೇಬಲ್ ಕಂಪೆನಿ ತನ್ನ ಪಾಲು ಹಿಡಿದುಕೊಳ್ಳುತ್ತದೆ. ಉಳಿದದ್ದು ಚಾನೆಲ್, ಪಂದ್ಯದ ಸಂಘಟಕರು ಮತ್ತು ಬಾಕ್ಸರ್‌ಗಳ ನಡುವೆ ಹಂಚಿಕೆಯಾಗುತ್ತದೆ.

ಈ ವ್ಯಾಪಾರದಲ್ಲಿ ಬಹುಕಾಲ ಎದುರಾಳಿಗಳಾಗಿದ್ದವು ಎಚ್‌ಬಿಓ ಮತ್ತು ಶೋಟೈಮ್ ಚಾನೆಲ್‌ಗಳು. 1975ರಲ್ಲಿ ಮನಿಲಾದಲ್ಲಿ ನಡೆದ ಮಹಮದ್ ಅಲಿ-ಜೋ ಫ್ರೇಜಿಯರ್ ಕಾಳಗವನ್ನು ಉಪಗ್ರಹದ ಮೂಲಕ ತೋರಿಸಿ ಎಚ್‌ಬಿಓ ಹೆಸರು ಗಳಿಸಿತು. 1991ರ ಏಪ್ರಿಲ್‌ನಲ್ಲಿ ಹೋಲಿಫೀಲ್ಡ್-ಫೋರ್‌ಮನ್ ಪಂದ್ಯದೊಂದಿಗೆ ತನ್ನದೇ ಪೇ-ಪರ್-ವ್ಯೂ ವಿಭಾಗ ತೆರೆಯಿತು. ಸರಿಸುಮಾರು ಅದೇ ಹೊತ್ತಿಗೆ ಸಂಘಟಕ ಡಾನ್ ಕಿಂಗ್, ಮೈಕ್ ಟೈಸನ್ ಅವರನ್ನು ಶೋಟೈಮ್ ಪಾಳೆಯಕ್ಕೆ ಕರೆದೊಯ್ದರು.

ಇಬ್ಬರು ವ್ಯಾಪಾರಿಗಳು ಪೈಪೋಟಿಗೆ ಬಿದ್ದರೆ ಗಿರಾಕಿಗೆ ಲಾಭ ಎಂದು ಅರ್ಥಶಾಸ್ತ್ರದ ಮೊದಲ ಪಾಠ ಹೇಳುತ್ತದೆ. ಒಂದೇ ಬೀದಿಯಲ್ಲಿ ಎರಡು ಅಕ್ಕಿ ಅಂಗಡಿಗಳಿದ್ದರೆ ಬೆಲೆ ಇಳಿಯುವುದು ಸಹಜ. ಬಾಕ್ಸಿಂಗ್‌ನಲ್ಲಿ ಹಾಗಾಗಲಿಲ್ಲವೇಕೆ?

ಅಕ್ಕಿ ಎರಡೂ ಅಂಗಡಿಗಳಲ್ಲಿ ಸಿಗುತ್ತದೆ, ಆದರೆ ಟೈಸನ್ ಒಬ್ಬರೇ. ಆದ್ದರಿಂದ ಚಾನೆಲ್‌ಗಳು ಪೈಪೋಟಿ ನಡೆಸಿದ್ದು ನೋಡುಗನಿಗೆ ಅಗ್ಗವಾಗಿ ಮಾರಲು ಅಲ್ಲ, ಬಾಕ್ಸರ್‌ನನ್ನು ಹೆಚ್ಚು ಬೆಲೆಗೆ ಕೊಳ್ಳಲು. ಕ್ರಿಕೆಟ್‌ನಂತೆ ಎಲ್ಲರನ್ನೂ ಒಂದೇ ವೇಳಾಪಟ್ಟಿಗೆ ಒಳಪಡಿಸುವ ಮಂಡಳಿ ವೃತ್ತಿಪರ ಬಾಕ್ಸಿಂಗ್‌ಗೆ ಇಲ್ಲ. ಬಾಕ್ಸರ್ ಸಂಘಟಕನ ಕರಾರಿನಲ್ಲಿ, ಸಂಘಟಕ ಚಾನೆಲ್‌ನ ಕರಾರಿನಲ್ಲಿ. ಎರಡು ಪಾಳೆಯಗಳ ಶೂರರು ಎದುರುಬದುರಾಗಬೇಕಾದರೆ ವಕೀಲರು ಮೊದಲು ಕೈಕುಲುಕಬೇಕು!

ಇದರ ಫಲವನ್ನು ನೋಡಿ. ಟೈಸನ್ ಶೋಟೈಮ್‌ನವರು, ಲೆನಾಕ್ಸ್ ಲೂಯಿಸ್ ಎಚ್‌ಬಿಓದವರು. ಇಬ್ಬರೂ ಮುಖಾಮುಖಿಯಾದದ್ದು 2002ರ ಜೂನ್‌ನಲ್ಲಿ, ಮೆಂಫಿಸ್ ನಗರದಲ್ಲಿ. ಎರಡೂ ಚಾನೆಲ್‌ಗಳು ಒಂದಾಗಿ ಆ ಪಂದ್ಯವನ್ನು ಮಾರಿದವು. ಆ ವೇಳೆಗೆ ಟೈಸನ್ ಅವರ ಉತ್ತಮ ದಿನಗಳು ಕಳೆದುಹೋಗಿದ್ದವು. ಎಂಟನೇ ಸುತ್ತಿನಲ್ಲಿ ನೆಲಕ್ಕುರುಳಿದರು.

ಮೇವೆದರ್-ಪ್ಯಾಕಿಯಾವೊ ಕಥೆಯೂ ಹೆಚ್ಚು ಭಿನ್ನವಲ್ಲ. ಮಾತುಕತೆ ಆರಂಭವಾದದ್ದು 2009ರಲ್ಲಿ. ಮೊದಲು ರಕ್ತಪರೀಕ್ಷೆಯ ವಿವಾದ ಅಡ್ಡ ಬಂತು. 2013ರಲ್ಲಿ ಮೇವೆದರ್ ಶೋಟೈಮ್ ಸೇರಿದ ಮೇಲೆ ಚಾನೆಲ್‌ಗಳ ಗೋಡೆಯೂ ಎದ್ದಿತು. ಕೊನೆಗೆ ಕಣಕ್ಕಿಳಿದಾಗ ಒಬ್ಬರಿಗೆ 38, ಇನ್ನೊಬ್ಬರಿಗೆ 36 ವರ್ಷ. ಮೇವೆದರ್ ಅಂಕಗಳ ಮೇಲೆ ಗೆದ್ದರು. ಪ್ಯಾಕಿಯಾವೊ ಭುಜದ ನೋವಿನೊಂದಿಗೇ ಆಡಿದ್ದರೆಂಬುದು ಆಮೇಲೆ ತಿಳಿಯಿತು. ದಾಖಲೆಯ ಹಣ ಬಂತು, ನೋಡುಗರಲ್ಲಿ ಬಹಳ ಮಂದಿಗೆ ನಿರಾಸೆಯೇ ಉಳಿಯಿತು.

ಬೆಲೆಯಂತೂ ಏರುತ್ತಲೇ ಹೋಯಿತು. 2007ರಲ್ಲಿ ಡಿ ಲಾ ಹೋಯಾ-ಮೇವೆದರ್ ಪಂದ್ಯಕ್ಕೆ ಸುಮಾರು 55 ಡಾಲರ್ ಇದ್ದದ್ದು ಎಂಟು ವರ್ಷಗಳಲ್ಲಿ ಹತ್ತಿರ ಹತ್ತಿರ ಇಮ್ಮಡಿಯಾಯಿತು. ಗೆಳೆಯರೆಲ್ಲ ಚಂದಾ ಎತ್ತಿ ಒಂದೇ ಮನೆಯಲ್ಲಿ ಕುಳಿತು ನೋಡುವುದು ಅಮೆರಿಕದಲ್ಲಿ ರೂಢಿಯಾಯಿತು.

ಹಣಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. 1978ರಲ್ಲಿ ಅಲಿ ಮತ್ತು ಲಿಯಾನ್ ಸ್ಪಿಂಕ್ಸ್ ನಡುವಿನ ಎರಡೂ ಪಂದ್ಯಗಳು ಸಾಮಾನ್ಯ ಟೀವಿಯಲ್ಲಿ ಉಚಿತವಾಗಿ ಬಂದಿದ್ದವು. ಅಪ್ಪನ ಪಕ್ಕ ಕುಳಿತು ಅಲಿಯನ್ನು ನೋಡಿದ ಹುಡುಗ ಆ ಆಟದ ಅಭಿಮಾನಿಯಾಗುತ್ತಿದ್ದ. ದೊಡ್ಡ ಪಂದ್ಯಗಳಿಗೆಲ್ಲ ಬೀಗ ಬಿದ್ದ ಮೇಲೆ, ಹಣ ಕಟ್ಟಲಾಗದ ಮನೆಯ ಮಕ್ಕಳಿಗೆ ಚಾಂಪಿಯನ್ನರ ಹೆಸರೂ ಅಪರಿಚಿತವಾಯಿತು. ಇಂದಿನ ಗಲ್ಲಾ ತುಂಬಿಸುವ ಭರದಲ್ಲಿ ನಾಳೆಯ ಗಿರಾಕಿಯನ್ನೇ ಕಳೆದುಕೊಂಡಂತಾಯಿತು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎಂಬ ಗಾದೆ ಇಲ್ಲಿ ಅಕ್ಷರಶಃ ನಿಜ.

ಎಚ್‌ಬಿಓ 2018ರಲ್ಲಿ, ಶೋಟೈಮ್ 2023ರಲ್ಲಿ ಬಾಕ್ಸಿಂಗ್ ಪ್ರಸಾರ ಕೈಬಿಟ್ಟವು. ಪೇ-ಪರ್-ವ್ಯೂ ಪದ್ಧತಿ ಪೂರ್ತಿ ಅಳಿದಿಲ್ಲ. ಆದರೆ 2024ರ ನವೆಂಬರ್‌ನಲ್ಲಿ ನೆಟ್‌ಫ್ಲಿಕ್ಸ್, 58 ವರ್ಷದ ಟೈಸನ್ ಮತ್ತು ಜೇಕ್ ಪಾಲ್ ಪಂದ್ಯವನ್ನು ತನ್ನ ಚಂದಾದಾರರಿಗೆ ಬೇರೆ ಶುಲ್ಕವಿಲ್ಲದೆ ತೋರಿಸಿತು. 2025ರ ಸೆಪ್ಟೆಂಬರ್‌ನಲ್ಲಿ ಕನೆಲೊ ಅಲ್ವಾರೆಜ್-ಟೆರೆನ್ಸ್ ಕ್ರಾಫರ್ಡ್ ಪಂದ್ಯವೂ ಹಾಗೆಯೇ ಬಂತು. ಪ್ರತಿ ಪಂದ್ಯಕ್ಕೂ ಜೇಬು ಬರಿದು ಮಾಡುವುದಕ್ಕಿಂತ, ಹೆಚ್ಚು ಜನಕ್ಕೆ ಕಡಿಮೆ ಬೆಲೆಗೆ ತೋರಿಸುವುದೂ ವ್ಯಾಪಾರವೇ ಎಂಬುದು ತಡವಾಗಿಯಾದರೂ ಅರಿವಾಗಿರಬೇಕು.

ಪೈಪೋಟಿ ಇದ್ದಲ್ಲೆಲ್ಲ ಗಿರಾಕಿಗೆ ಲಾಭ ಎಂದು ಪರೀಕ್ಷೆಯಲ್ಲಿ ಬರೆಯುವ ಮುನ್ನ ವಿದ್ಯಾರ್ಥಿಗಳು ಒಂದು ಪ್ರಶ್ನೆ ಕೇಳಿಕೊಳ್ಳುವುದು ಒಳ್ಳೆಯದು: ಪೈಪೋಟಿ ನಡೆದಿರುವುದು ಮಾರುವುದಕ್ಕೋ, ಕೊಳ್ಳುವುದಕ್ಕೋ?