ಫೆರೆಟ್ ಇಲ್ಲದ ಊರಲ್ಲಿ ಇಲಿ ಸಾಕಿ ಯಾರಿಗೆ ಮಾರುತ್ತೀರಿ?

ಒಂದೇ ವಿಡಿಯೋವನ್ನು ಈಚೆಗೆ ನಮಗೆ ಒಂಬತ್ತು ಜನ ಕಳಿಸಿದ್ದಾರೆ. ವಿದೇಶದ ಯಾವುದೋ ಮನೆಯ ಗ್ಯಾರೇಜು. ಗೋಡೆ ಉದ್ದಕ್ಕೂ ಪ್ಲಾಸ್ಟಿಕ್ ಡಬ್ಬಿಗಳು, ಒಳಗೆ ಬಿಳಿ ಇಲಿಗಳು. ಅದಕ್ಕೆ ಯಾರೋ ಕನ್ನಡದಲ್ಲಿ ದನಿ ಕೊಟ್ಟಿದ್ದಾರೆ. ಮನೆಯಲ್ಲೇ ಇಲಿ ಸಾಕಿ, ಫೆರೆಟ್ ಸಾಕುವವರಿಗೆ ಮಾರಿ, ಕೂತಲ್ಲೇ ದುಡ್ಡು ಮಾಡಿ ಅಂತ. ಕೊನೆಗೆ ಒಂದು ಫೋನ್ ನಂಬರು.

ಕಳಿಸಿದ ಒಂಬತ್ತೂ ಜನ ಕೇಳಿದ ಪ್ರಶ್ನೆ ಒಂದೇ: "ಸಾರ್, ಇದು ನಿಜಾನಾ?"

ಇಲಿ ಸಾಕುವುದು ನಿಜ. ದುಡ್ಡು ಮಾಡುವುದು ಸುಳ್ಳು. ಈ ಎರಡರ ನಡುವೆ ನಮ್ಮ ಹುಡುಗರು ಸಿಕ್ಕಿಹಾಕಿಕೊಳ್ಳುತ್ತಿರುವುದರಿಂದ ಇದನ್ನು ಬರೆಯುತ್ತಿದ್ದೇವೆ.

ಮೊದಲು ಫೆರೆಟ್ ಅಂದರೆ ಏನು ಅಂತ ತಿಳಿಯೋಣ. ನೋಡಲು ನಮ್ಮ ಮುಂಗುಸಿಯ ಹಾಗೆ ಉದ್ದ ಮೈ, ಗಿಡ್ಡ ಕಾಲು. ಆದರೆ ಅದು ಮುಂಗುಸಿ ಅಲ್ಲ. ನಮ್ಮ ಹೊಳೆಗಳ ನೀರುನಾಯಿಯ ಕುಟುಂಬಕ್ಕೆ ಸೇರಿದ್ದು. ಯುರೋಪಿನ ಪೋಲ್‌ಕ್ಯಾಟ್ ಎಂಬ ಕಾಡುಪ್ರಾಣಿಯನ್ನು ಪಳಗಿಸಿ, ಬಿಲದೊಳಗಿನ ಮೊಲವನ್ನು ಹೊರಗೆ ಓಡಿಸಲು ಅಲ್ಲಿನವರು ನೂರಾರು ವರ್ಷಗಳಿಂದ ಸಾಕಿಕೊಂಡು ಬಂದಿದ್ದಾರೆ. ಇಂಗ್ಲೆಂಡಿನ ಹಳ್ಳಿಗಳಲ್ಲಿ ಈಗಲೂ ಫೆರೆಟ್ ಬಿಟ್ಟು ಮೊಲ ಹಿಡಿಯುವವರಿದ್ದಾರೆ. ಅಮೆರಿಕದಲ್ಲಿ ಬೆಕ್ಕು ನಾಯಿಯ ಹಾಗೆ ಮನೆಯೊಳಗೆ ಮುದ್ದಿಗೆ ಸಾಕುತ್ತಾರೆ. ಅಲ್ಲೂ ಕ್ಯಾಲಿಫೋರ್ನಿಯಾ, ಹವಾಯಿ ರಾಜ್ಯಗಳಲ್ಲಿ ಇದನ್ನು ಸಾಕುವ ಹಾಗಿಲ್ಲ.

ಫೆರೆಟ್ ಪೂರಾ ಮಾಂಸಾಹಾರಿ. ಅನ್ನ, ರೊಟ್ಟಿ, ತರಕಾರಿ ಅದಕ್ಕೆ ಆಗುವುದಿಲ್ಲ. ಕರುಳು ಗಿಡ್ಡ, ತಿಂದದ್ದು ಮೂರು ನಾಲ್ಕು ಗಂಟೆಯಲ್ಲಿ ಹೊರಗೆ ಬರುತ್ತದೆ, ಮತ್ತೆ ಹಸಿವು. ಅಲ್ಲಿ ಬಹಳ ಜನ ಅಂಗಡಿಯ ಒಣ ಆಹಾರ ಹಾಕುತ್ತಾರೆ. ಕೆಲವರು ಮಾತ್ರ ಮೂಳೆ, ಮಾಂಸ, ಕರುಳು ಎಲ್ಲ ಸೇರಿದ ಇಡೀ ಪ್ರಾಣಿಯೇ ಅದರ ನಿಜವಾದ ಆಹಾರ ಅನ್ನುತ್ತಾರೆ. ಅಂಗಡಿಯ ಫ್ರೋಜನ್ ಇಲಿ ದುಬಾರಿ ಅನ್ನಿಸಿದವರು ಮನೆಯಲ್ಲೇ ಇಲಿ ಬೆಳೆಸುತ್ತಾರೆ. ವಿಡಿಯೋದ ಗ್ಯಾರೇಜು ಅಂಥವರದ್ದು.

ಒಂದು ಸಣ್ಣ ಲೆಕ್ಕ ಹಾಕೋಣ. ಒಂದು ಕಿಲೋ ತೂಕದ ಫೆರೆಟ್ ದಿನಕ್ಕೆ 60 ಗ್ರಾಂ ತಿನ್ನುತ್ತದೆ ಅಂತ ಇಟ್ಟುಕೊಳ್ಳಿ. ಬೆಳೆದ ಚಿಟ್ಟಿಲಿ ಒಂದರ ತೂಕ ಸುಮಾರು 25 ಗ್ರಾಂ. ಅಂದರೆ ದಿನಕ್ಕೆ ಎರಡು ಮೂರು ಇಲಿ, ವರ್ಷಕ್ಕೆ ಎಂಟುನೂರರ ಮೇಲೆ. ಇಲಿಗಳು ಬೇಗ ಬೆಳೆಯುತ್ತವೆ, ಸುಳ್ಳಲ್ಲ. ಚಿಟ್ಟಿಲಿಯ ಬಸಿರು ಮೂರೇ ವಾರ. ಒಂದು ಸೂಲಿಗೆ ಆರೇಳು ಮರಿ, ಕೆಲವೊಮ್ಮೆ ಹತ್ತು. ಮರಿ ಹಾಕಿದ ಒಂದು ದಿನದೊಳಗೆ ತಾಯಿ ಮತ್ತೆ ಬಸಿರಾಗಬಲ್ಲದು. ಆರು ವಾರಕ್ಕೆ ಆ ಮರಿಗಳೇ ಮರಿ ಹಾಕಲು ಸಿದ್ಧ. ಹಾಗಿದ್ದರೂ ಒಂದೇ ಒಂದು ಫೆರೆಟಿನ ಹೊಟ್ಟೆ ತುಂಬಿಸಲು ಇಪ್ಪತ್ತರ ಹತ್ತಿರ ತಾಯಿ ಇಲಿ ಬೇಕು. ಅವಕ್ಕೆಲ್ಲ ಕಾಳು, ನೀರು, ಹಾಸು. ಅವುಗಳ ಉಚ್ಚೆಯ ಘಾಟು.

ಅಲ್ಲಿನವನು ಇದನ್ನು ಮಾಡುವುದು ದುಡಿಮೆಗಲ್ಲ. ಅವನ ಮನೆಯಲ್ಲಿ ಫೆರೆಟ್ ಇದೆ, ಅದಕ್ಕೆ ಹಸಿವಿದೆ, ಅದಕ್ಕೆ ಇಲಿ. ಅಲ್ಲಿ ಫೆರೆಟ್ ಮೊದಲು, ಇಲಿ ಆಮೇಲೆ. ನಮ್ಮವರಿಗೆ ಹೇಳುತ್ತಿರುವುದು ಇಲಿ ಮೊದಲು ಸಾಕಿ, ಫೆರೆಟ್ ಆಮೇಲೆ ಹುಡುಕೋಣ ಅಂತ. ಕುದುರೆ ಇಲ್ಲದವನು ಲಗಾಮಿನ ಅಂಗಡಿ ತೆರೆದ ಹಾಗೆ.

ನಮ್ಮ ತಾಲ್ಲೂಕಿನಲ್ಲೇ ಒಬ್ಬ ಹುಡುಗ ಈ ಮಾತು ನಂಬಿದ. ಪದವಿ ಓದಿದ್ದಾನೆ, ಕೆಲಸವಿಲ್ಲ. ಮನೆಯ ಹಿಂದೆ ಖಾಲಿ ಬಿದ್ದಿದ್ದ ರೇಷ್ಮೆ ಹುಳು ಮನೆಯಲ್ಲಿ ಡಬ್ಬಿ ಜೋಡಿಸಿದ್ದಾನೆ. ಫೋನ್ ನಂಬರಿನವರು ಹಣ ಹಾಕಿಸಿಕೊಂಡು ಹನ್ನೆರಡು ಬಿಳಿ ಇಲಿ ಕಳಿಸಿದ್ದರು. ನಾವು ಹೋದಾಗ ಅವು ಮುನ್ನೂರು ದಾಟಿದ್ದವು. "ನಾವೇ ವಾಪಸ್ ಕೊಳ್ತೀವಿ" ಅಂದಿದ್ದ ನಂಬರು ಸ್ವಿಚ್ ಆಫ್. ಎಷ್ಟು ಮಾರಿದೆಯಪ್ಪ ಅಂತ ಕೇಳಿದೆವು. ಒಂದೂ ಇಲ್ಲ.

ನಮ್ಮನ್ನು ನಿಲ್ಲಿಸಿದ್ದು ಅದಲ್ಲ. ಅವನ ತಾಯಿ ಇಲಿಯ ಡಬ್ಬಿಗಳನ್ನು ಬರಿಗೈಯಲ್ಲಿ ತಿಕ್ಕಿ ತೊಳೆಯುತ್ತಿದ್ದರು. ತೊಳೆದ ನೀರು ಹರಿದು ಹೋಗುತ್ತಿದ್ದದ್ದು ಎಮ್ಮೆ ನೀರು ಕುಡಿಯುವ ತೊಟ್ಟಿಯ ಪಕ್ಕಕ್ಕೆ. ಅಂಗಳದಲ್ಲಿ ಮೊಮ್ಮಗು ಬರಿಗಾಲಲ್ಲಿ ಆಡುತ್ತಿತ್ತು. ಬಿಸಿನೆಸ್ ಮಗನದು, ಗಲೀಜು ತಾಯಿಯದು. ವಿಡಿಯೋದಲ್ಲಿ ಈ ದೃಶ್ಯ ಇರುವುದಿಲ್ಲ.

ಇಲಿ ಜ್ವರ ನಮ್ಮವರಿಗೆ ಹೊಸದಲ್ಲ. ದಕ್ಷಿಣ ಕನ್ನಡ, ಉಡುಪಿ, ಶಿವಮೊಗ್ಗದ ಕಡೆಯವರನ್ನು ಕೇಳಿ, ಮಳೆಗಾಲ ಬಂತೆಂದರೆ ಈ ಹೆಸರು ಬರುತ್ತದೆ. ಲೆಪ್ಟೋಸ್ಪೈರಾ ಎಂಬ ರೋಗಾಣು ಇಲಿಯ ಉಚ್ಚೆಯಲ್ಲಿ ಹೊರಗೆ ಬಂದು, ನೀರಿನಲ್ಲಿ ಕೆಸರಿನಲ್ಲಿ ಸೇರಿ, ಕೈಕಾಲಿನ ಸಣ್ಣ ಗಾಯದಿಂದ ನಮ್ಮೊಳಗೆ ಹೋಗುತ್ತದೆ. ಬೇಗ ಗುರುತಿಸಿದರೆ ಔಷಧಿಗೆ ಬಗ್ಗುತ್ತದೆ. ತಡವಾದರೆ ಮೂತ್ರಪಿಂಡ, ಯಕೃತ್ತು ಹಿಡಿಯುತ್ತದೆ. ದನಕ್ಕೂ ತಗಲುತ್ತದೆ, ಕಂದು ಹಾಕಿಸುತ್ತದೆ.

"ಇದು ಗದ್ದೆ ಇಲಿ ಅಲ್ಲ ಸಾರ್, ಕ್ಲೀನ್ ಬಿಳಿ ಇಲಿ" ಅಂದ ಹುಡುಗ. ಬಣ್ಣ ಬಿಳಿಯಾದರೆ ರೋಗ ಬರುವುದಿಲ್ಲವೇ? ಅಮೆರಿಕದಲ್ಲಿ 2017ರಲ್ಲಿ ಏನಾಯಿತು ನೋಡಿ. ಮನೆಯಲ್ಲೇ ಇಲಿ ಬೆಳೆಸುವವರಿಂದ ಶುರುವಾಗಿ ಸಿಯೋಲ್ ವೈರಸ್ ಎಂಬ ಹಂಟಾವೈರಸ್ 11 ರಾಜ್ಯಗಳಿಗೆ ಮುಟ್ಟಿತು. 17 ಜನರಿಗೆ ಸೋಂಕು ಹೊಸದಾಗಿ ತಗಲಿದ್ದು ಪರೀಕ್ಷೆಯಲ್ಲಿ ಖಚಿತವಾಯಿತು. ಆ ಇಲಿಗಳೂ ಗದ್ದೆಯವಲ್ಲ, ಮುದ್ದಿನಿಂದ ಸಾಕಿದವು. ಸೋಂಕು ಹೊತ್ತ ಇಲಿ ಮೇಲುನೋಟಕ್ಕೆ ಚೆನ್ನಾಗಿಯೇ ಇರುತ್ತದೆ. ಒಣಗಿದ ಉಚ್ಚೆ, ಹಿಕ್ಕೆಯ ಧೂಳು ಉಸಿರಿನಲ್ಲಿ ಹೋದರೂ ಸಾಕು, ರೋಗ ಹತ್ತುತ್ತದೆ.

ಬ್ರಿಟನ್ನಿನಲ್ಲಿ ಇನ್ನೊಂದು ಕತೆ. ಹಾವು ಮುಂತಾದ ಸಾಕುಪ್ರಾಣಿಗಳಿಗೆಂದು ಲಿಥುವೇನಿಯಾ ದೇಶದಿಂದ ತರಿಸಿದ ಫ್ರೋಜನ್ ಇಲಿಗಳಿಂದ 2015ರಿಂದ ಈಚೆಗೆ ನೂರಾರು ಜನರಿಗೆ ಸಾಲ್ಮೊನೆಲ್ಲಾ ಬೇಧಿ ತಗಲಿತು. ಫ್ರಿಜ್ಜಿನಲ್ಲಿ ಗಡ್ಡೆ ಕಟ್ಟಿಸಿದರೆ ಆ ರೋಗಾಣು ಸಾಯುವುದಿಲ್ಲ. ನಮ್ಮ ಮನೆಗಳಲ್ಲಿ ಇರುವುದೇ ಒಂದು ಫ್ರಿಜ್ಜು. ಹಾಲು, ಹಿಟ್ಟು, ಮಗುವಿನ ಔಷಧಿ ಇಡುವಲ್ಲೇ ಸತ್ತ ಇಲಿ ಇಡುತ್ತೀರಾ?

ಮನೆಯಲ್ಲಿ ಬಸುರಿ ಹೆಣ್ಣುಮಗಳಿದ್ದರೆ ಇನ್ನೂ ಎಚ್ಚರ ಬೇಕು. ಚಿಟ್ಟಿಲಿಗಳು ಹೊರುವ ಎಲ್‌ಸಿಎಂ ಎಂಬ ವೈರಸ್ ತಾಯಿಗೆ ಸಣ್ಣ ಜ್ವರ ತಂದು, ಹೊಟ್ಟೆಯ ಕೂಸಿನ ಮಿದುಳು, ಕಣ್ಣಿಗೆ ದೊಡ್ಡ ಹಾನಿ ಮಾಡಬಲ್ಲದು.

ನಮ್ಮ ಅಜ್ಜ ಅಜ್ಜಿಯರಿಗೆ ಇದನ್ನೆಲ್ಲ ಯಾರೂ ಹೇಳಿಕೊಡಬೇಕಿರಲಿಲ್ಲ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದು ಮೈಸೂರು ಸೀಮೆಗೆಲ್ಲ ಹಬ್ಬಿದ ಮೇಲೆ, ಮನೆಯಲ್ಲಿ ಇಲಿ ಬಿದ್ದರೆ ಊರಿಗೆ ಊರೇ ಖಾಲಿ ಮಾಡಿ ಹೊಲದಲ್ಲಿ ಗುಡಿಸಲು ಹಾಕಿಕೊಂಡು ಬದುಕಿದ ಜನ ನಾವು. ಪ್ಲೇಗಿನಮ್ಮನ ಗುಡಿ ಕಟ್ಟಿದ್ದೂ ನಾವೇ. ಆ ಇಲಿಯನ್ನು ಈಗ ದುಡ್ಡು ಕೊಟ್ಟು ಮನೆಗೆ ತರುತ್ತಿದ್ದೇವೆ.

ಇನ್ನು ಕೊಲ್ಲುವ ವಿಷಯ. ವಿಡಿಯೋದವರು ಇದನ್ನು ತೋರಿಸುವುದೇ ಇಲ್ಲ. ನಾವು ಮಾಂಸಾಹಾರದ ವಿರೋಧಿಗಳಲ್ಲ. ಕೋಳಿ, ಕುರಿ ಸಾಕಿ ತಿನ್ನುವ ಊರಿನವರೇ. ಆದರೆ ಕುರಿ ಕೊಯ್ಯಲು ಒಬ್ಬ ಗೊತ್ತಿರುವವನು ಬೇಕು, ಒಂದು ಕ್ರಮ ಬೇಕು ಅನ್ನುವುದು ನಮಗೆ ಗೊತ್ತು. ಇಲಿಗೂ ಕ್ರಮ ಇದೆ. ಹೊರದೇಶದಲ್ಲಿ ಬೆಳೆದ ಇಲಿಯನ್ನು ಸಿಲಿಂಡರಿನ ಇಂಗಾಲದ ಡೈಆಕ್ಸೈಡನ್ನು ಪೆಟ್ಟಿಗೆಯೊಳಗೆ ನಿಧಾನವಾಗಿ, ಅಳತೆಯಲ್ಲಿ ಬಿಟ್ಟು ಪ್ರಜ್ಞೆ ತಪ್ಪಿಸಿ ಸಾಯಿಸುತ್ತಾರೆ. ಆಗಷ್ಟೇ ಹುಟ್ಟಿದ ಮರಿಗೆ ಈ ಅನಿಲ ಬೇಗ ಹತ್ತುವುದಿಲ್ಲ, ಬಹಳ ಹೊತ್ತು ನರಳುತ್ತದೆ. ಜೀವಂತ ಇಲಿಯನ್ನು ಫ್ರೀಜರಿಗೆ ಹಾಕುವುದು ಕ್ರೌರ್ಯ ಅಂತ ಪಶುವೈದ್ಯರೇ ಹೇಳುತ್ತಾರೆ. ಜೀವಂತವಾಗಿ ಫೆರೆಟಿನ ಮುಂದೆ ಬಿಟ್ಟರೆ? ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅಂತ ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ. ಮೂಲೆಗೆ ಬಿದ್ದ ಇಲಿ ಫೆರೆಟಿಗೂ ಕಚ್ಚಿ ಗಾಯ ಮಾಡುತ್ತದೆ.

ನಮ್ಮ ಹುಡುಗನಿಗೆ ಕಿಟ್ ಕೊಟ್ಟವರು ಕೊಲ್ಲುವುದು ಹೇಗೆ ಅಂತ ಹೇಳಿದ್ದರೇ? "ನೀರಲ್ಲಿ ಮುಳುಗಿಸಿ ಅಂದ್ರು" ಅಂದ. ಪ್ರಾಣಿ ಹಿಂಸೆ ತಡೆ ಕಾಯ್ದೆ 1960ರಿಂದ ಇದೆ. ಅದರ ಪ್ರಕಾರ ಮನುಷ್ಯನನ್ನು ಬಿಟ್ಟು ಯಾವ ಜೀವಿಯೂ ಪ್ರಾಣಿಯೇ, ಇಲಿಯೂ ಕೂಡ. ಅಲುಗಾಡಲು ಜಾಗವಿಲ್ಲದ ಗೂಡಿನಲ್ಲಿ ಕೂಡಿಹಾಕುವುದು, ವಿನಾಕಾರಣ ಹಿಂಸೆ ಕೊಟ್ಟು ಕೊಲ್ಲುವುದು ಅಪರಾಧ. ಮೊದಲ ಸಲದ ದಂಡ 50 ರೂಪಾಯಿವರೆಗೆ ಮಾತ್ರ. ದಂಡ ಸಣ್ಣದು ಅಂತ ತಪ್ಪು ಸಣ್ಣದಾಗುವುದಿಲ್ಲ.

ಫೆರೆಟ್ ಇಲ್ಲದಿದ್ದರೇನು, ಲ್ಯಾಬಿನವರು ಕೊಳ್ಳುತ್ತಾರೆ ಅನ್ನುತ್ತಾರೆ ಈ ನಂಬರಿನವರು. ಸುಳ್ಳು. ಪ್ರಯೋಗಕ್ಕೆ ಬೇಕಾದ ಪ್ರಾಣಿ ಬೆಳೆಸುವವರು ಕೇಂದ್ರ ಸರ್ಕಾರದ ಸಮಿತಿಯಲ್ಲಿ ನೋಂದಣಿ ಮಾಡಿಸಬೇಕು ಅಂತ 1998ರ ನಿಯಮಗಳಲ್ಲೇ ಇದೆ. ರೇಷ್ಮೆ ಮನೆಯ ಡಬ್ಬಿಯ ಇಲಿಯನ್ನು ಯಾವ ಲ್ಯಾಬೂ ಕೊಳ್ಳುವುದಿಲ್ಲ. ಬೆಂಗಳೂರಿನಲ್ಲಿ ವಿದೇಶಿ ಹೆಬ್ಬಾವು ಸಾಕುವವರಿದ್ದಾರಲ್ಲ ಅನ್ನುತ್ತಾರೆ. ಇದ್ದಾರೆ. ಆದರೆ ಬಾಲ್ ಪೈಥಾನಿನಂಥ ಹಾವಿಗೆ 2024ರ ನಿಯಮದ ಪ್ರಕಾರ ನೋಂದಣಿ ಕಡ್ಡಾಯ. ನಿಮ್ಮ ಗಿರಾಕಿ ನೋಂದಣಿ ಮಾಡಿಸಿದ್ದಾನಾ ಅಂತ ನಿಮಗೆ ಗೊತ್ತಾ? ಇನ್ನು ಕೇರೆ ಹಾವು, ಮುಂಗುಸಿ ಸಾಕುವುದಂತೂ ವನ್ಯಜೀವಿ ಕಾಯ್ದೆಯಲ್ಲಿ ಅಪರಾಧ.

ಈ ಆಟ ನಾವು ಮೊದಲೂ ನೋಡಿದ್ದೇವೆ. ಎಮು ಹಕ್ಕಿ ನೆನಪಿದೆಯಾ? ಮಾಂಸ ಹೋಗುತ್ತದೆ, ಎಣ್ಣೆ ಹೋಗುತ್ತದೆ, ನಾವೇ ವಾಪಸ್ ಕೊಳ್ಳುತ್ತೇವೆ ಅಂದರು. 2012ರಲ್ಲಿ ತಮಿಳುನಾಡಿನ ಈರೋಡು ಕಡೆ ಆ ಗುಳ್ಳೆ ಒಡೆಯಿತು. ಹಣ ಹಾಕಿದ ಸಾವಿರಾರು ಜನ ಪೊಲೀಸ್ ಠಾಣೆ ಮುಂದೆ ನಿಂತರು, ಹಕ್ಕಿಗಳು ಮೇವಿಲ್ಲದೆ ಸತ್ತವು. ಅಲ್ಲಿ ದುಡ್ಡು ಮಾಡಿದವರು ಹಕ್ಕಿ ಸಾಕಿದವರಲ್ಲ, ಮರಿ ಮಾರಿದವರು. ಇಲ್ಲೂ ಅಷ್ಟೇ. ಕಿಟ್ಟೇ ಅವರ ಬಿಸಿನೆಸ್ಸು. ಇಲಿ ಬರೀ ನೆಪ.

"ಕೆಲಸ ಕೊಡೋಕೆ ಆಗಲ್ಲ, ಮಾಡೋರಿಗೆ ಅಡ್ಡ ಬರ್ತೀರಾ" ಅಂತ ನಮ್ಮನ್ನು ಬೈಯುವವರಿದ್ದಾರೆ. ಬೈಗುಳದಲ್ಲಿ ನ್ಯಾಯ ಇದೆ. ಪದವಿ ಓದಿದ ಹುಡುಗನಿಗೆ ಊರಲ್ಲಿ ಕೆಲಸವಿಲ್ಲ ಅನ್ನುವುದೇ ಈ ಮೋಸದ ಬಂಡವಾಳ. ಅದಕ್ಕೇ ಹೇಳುತ್ತಿದ್ದೇವೆ. ಯಾವ ಪ್ರಾಣಿ ಸಾಕಣೆಗೂ ದುಡ್ಡು ಹಾಕುವ ಮೊದಲು ಮೂರು ಪ್ರಶ್ನೆ ಕೇಳಿ. ಕೊಳ್ಳುವವನ ಹೆಸರು, ಊರು ನನಗೆ ಗೊತ್ತಿದೆಯಾ? ನಮ್ಮ ಪಶು ಆಸ್ಪತ್ರೆಯ ಡಾಕ್ಟರು ಇದಕ್ಕೆ ಹೂಂ ಅನ್ನುತ್ತಾರಾ? ಗೂಡು ತೊಳೆಯುವವರು ಯಾರು, ಅವರನ್ನು ಕೇಳಿದ್ದೇನಾ? ಕೋಳಿ, ಕುರಿ, ಹಸು ಈ ಮೂರೂ ಪ್ರಶ್ನೆ ದಾಟುತ್ತವೆ. ಇಲಿ ಮೊದಲನೆಯದರಲ್ಲೇ ಬಿದ್ದುಹೋಗುತ್ತದೆ.

ಈಗಾಗಲೇ ಶುರು ಮಾಡಿದವರಿಗೆ ಎರಡು ಮಾತು. ಗಾಬರಿಯಾಗಿ ಇಲಿಗಳನ್ನು ಹೊಲಕ್ಕೆ ಬಿಡಬೇಡಿ. ಇವತ್ತೇ ಗಂಡು ಹೆಣ್ಣು ಬೇರೆ ಮಾಡಿ, ಹೆಚ್ಚುವುದು ನಿಲ್ಲುತ್ತದೆ. ಮುಂದೇನು ಅಂತ ಪಶುವೈದ್ಯರನ್ನು ಕೇಳಿ, ಅವರು ಬೈದರೂ ಪರವಾಗಿಲ್ಲ. ಡಬ್ಬಿ ಮುಟ್ಟುವಾಗ ಕೈಗವಸು, ಕಾಲಿಗೆ ಬೂಟು, ಮುಖಕ್ಕೆ ಮಾಸ್ಕ್ ಇರಲಿ. ಒಣ ಹಿಕ್ಕೆಯನ್ನು ಗುಡಿಸಬೇಡಿ, ಬ್ಲೀಚಿಂಗ್ ನೀರು ಹಾಕಿ ನೆನೆಸಿ ಒರೆಸಿ. ಮನೆಯಲ್ಲಿ ಯಾರಿಗಾದರೂ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪು ಕಂಡರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ, "ಮನೆಯಲ್ಲಿ ಇಲಿ ಸಾಕಿದ್ದೇವೆ" ಅಂತ ನಾಚಿಕೆ ಬಿಟ್ಟು ಹೇಳಿ. ಆ ಒಂದು ಮಾತು ಹೇಳದಿದ್ದರೆ ಡಾಕ್ಟರು ಬೇರೆ ಜ್ವರ ಅಂದುಕೊಳ್ಳುತ್ತಾರೆ.

ಆ ಹುಡುಗ ಗಂಡು ಹೆಣ್ಣು ಬೇರೆ ಮಾಡಿದ್ದಾನೆ ಅಂತ ಹೋದ ವಾರ ಫೋನ್ ಮಾಡಿ ಹೇಳಿದ. ತಾಯಿಗೆ ಕೈಗವಸು ತಂದುಕೊಟ್ಟೆಯಾ ಅಂತ ಕೇಳಿದೆವು. "ಇಲ್ಲ ಸಾರ್, ಈಗ ನಾನೇ ತೊಳೀತಿದೀನಿ" ಅಂದ.

ವಿಡಿಯೋ ಇನ್ನೂ ಓಡಾಡುತ್ತಲೇ ಇದೆ. ನಿಮ್ಮ ಗ್ರೂಪಿಗೆ ಬಂದರೆ ಮುಂದಕ್ಕೆ ಕಳಿಸಬೇಡಿ. ಕಳಿಸಿದವನಿಗೆ ಒಂದು ಮಾತು ಕೇಳಿ: ಅಣ್ಣಾ, ನಿಮ್ಮೂರಲ್ಲಿ ಫೆರೆಟ್ ಎಷ್ಟಿವೆ?