ಗಣಕದ ಪಾರುಪತ್ಯಗಾರನೂ ನಮ್ಮ ಹಳೆಯ ಸಂಚಿಕೆಗಳೂ

ಸಂಘದ ಬೆಳ್ಳಿಹಬ್ಬದ ಸಂಚಿಕೆಯಲ್ಲಿ ಅಚ್ಚಾಗಿದ್ದ ಲೇಖನವೊಂದನ್ನು ಮರುಮುದ್ರಿಸಬೇಕೆಂದು ಹಿರಿಯ ಸದಸ್ಯರೊಬ್ಬರು ಅಪೇಕ್ಷಿಸಿದರು. ಕಡತವೇನೋ ಕಪಾಟಿನ ಸಿ.ಡಿ.ಯೊಂದರಲ್ಲಿ ಸುರಕ್ಷಿತವಾಗಿತ್ತು. ಆದರೆ ಹೊಸ ಗಣಕದಲ್ಲಿ ತೆರೆದಾಗ ಕನ್ನಡದ ಒಂದಕ್ಷರವೂ ಕಾಣಲಿಲ್ಲ. ಇಂಗ್ಲಿಷ್ ಅಕ್ಷರಗಳೂ ಆವರಣ ಚಿಹ್ನೆಗಳೂ ಕಲಸುಮೇಲೋಗರವಾಗಿ ಪರದೆಯನ್ನು ತುಂಬಿದವು. ಕಡತ ಕೆಟ್ಟಿದೆಯೆಂದು ಸಮಿತಿ ತೀರ್ಮಾನಿಸುವುದರಲ್ಲಿತ್ತು. ಅದು ಕೆಟ್ಟಿರಲಿಲ್ಲ. ಕಾರಣ ತಿಳಿಯಬೇಕಾದರೆ ಗಣಕದೊಳಗಿನ ಆಡಳಿತವನ್ನು ತುಸು ಅರಿಯಬೇಕಾಗುತ್ತದೆ.

ಗಣಕದಲ್ಲಿ ಲೆಕ್ಕ ಮಾಡುವ ಪ್ರೊಸೆಸರ್ ಇದೆ. ಕೆಲಸ ನಡೆದಿರುವಷ್ಟು ಹೊತ್ತು ಮಾತ್ರ ನೆನಪಿಡುವ ಸ್ಮೃತಿಯಿದೆ. ವಿದ್ಯುತ್ತು ಹೋದರೂ ಉಳಿಸಿಕೊಳ್ಳುವ ಡಿಸ್ಕ್ ಇದೆ. ಇವೆಲ್ಲವನ್ನೂ ಆಳುವ ತಂತ್ರಾಂಶವೇ ಆಪರೇಟಿಂಗ್ ಸಿಸ್ಟಂ, ಅರ್ಥಾತ್ ಕಾರ್ಯಾಚರಣಾ ವ್ಯವಸ್ಥೆ. ಅದನ್ನು ದೇವಸ್ಥಾನದ ಪಾರುಪತ್ಯಗಾರನಿಗೆ ಹೋಲಿಸಬಹುದು. ಪೂಜೆ ಮಾಡುವವರು ಬೇರೆ, ಅಡುಗೆ ಮಾಡುವವರು ಬೇರೆ. ಆದರೆ ಉಗ್ರಾಣದ ಬೀಗದಕೈ ಅವನದು, ಯಾರಿಗೆ ಯಾವಾಗ ಎಷ್ಟು ಎಂಬ ನಿರ್ಣಯವೂ ಅವನದೇ. ನಾವು ಪತ್ರ ಬರೆಯುತ್ತಿರುವಾಗಲೇ ಹಾಡೂ ಕೇಳಿಬರುವುದು ಈತನು ಪ್ರೊಸೆಸರಿನ ಸಮಯವನ್ನು ಕ್ಷಣದ ಚೂರುಗಳಾಗಿ ಹಂಚಿಕೊಡುವುದರಿಂದ. ವಿಂಡೋಸ್ ಇಂಥದೊಂದು ವ್ಯವಸ್ಥೆ. ನಮ್ಮಲ್ಲಿ ಬಹುಮಂದಿಯ ಮೊಬೈಲಿನಲ್ಲಿರುವ ಆಂಡ್ರಾಯ್ಡ್ ಇನ್ನೊಂದು; ಅದರ ತಿರುಳು ೧೯೯೧ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್.

ಈ ಪಾರುಪತ್ಯಗಾರನಿಗೆ ಬಹುಕಾಲ ಕನ್ನಡವೇ ಬರುತ್ತಿರಲಿಲ್ಲ. ಯಂತ್ರವು ಅಕ್ಷರವನ್ನು ಸಂಖ್ಯೆಯಾಗಿ ಮಾತ್ರ ಬಲ್ಲದು. ೬೫ ಎಂದರೆ ಇಂಗ್ಲಿಷಿನ ದೊಡ್ಡ 'ಎ'. ನಮ್ಮ ಪುಣೆಯ ಸಿ-ಡ್ಯಾಕ್ ಸಂಸ್ಥೆಯ ಜಿಸ್ಟ್ ಕಾರ್ಡ್ ಡಾಸ್ ಗಣಕಗಳಲ್ಲಿ ಭಾರತೀಯ ಲಿಪಿಗಳನ್ನು ಮೂಡಿಸಿದ್ದುಂಟು. ಆದರೆ ನಮ್ಮಂಥ ಸಣ್ಣ ಪತ್ರಿಕೆಗಳು ಹಿಡಿದ ದಾರಿ ಬೇರೆ: ಇಂಗ್ಲಿಷ್ ಅಕ್ಷರಗಳ ಸಂಖ್ಯೆಗಳಿಗೇ ಕನ್ನಡದ ಆಕೃತಿಗಳನ್ನು ತೊಡಿಸಿದ ಫಾಂಟುಗಳು. ಯಂತ್ರದ ಮಟ್ಟಿಗೆ ನಮ್ಮ ಬೆಳ್ಳಿಹಬ್ಬದ ಸಂಚಿಕೆ ಇಂಗ್ಲಿಷೇ ಆಗಿತ್ತು. ಆ ಫಾಂಟಿಲ್ಲದ ಗಣಕದಲ್ಲಿ ವೇಷ ಕಳಚಿತು, ಅಷ್ಟೇ.

೧೯೯೧ರಲ್ಲಿ ಹೊರಬಂದ ಯೂನಿಕೋಡ್ ಕನ್ನಡಕ್ಕೆ ೧೨೮ ಸ್ಥಾನಗಳನ್ನು ಮೀಸಲಿಟ್ಟಿತು. ಆದರೆ ಸಂಖ್ಯೆ ಸಿಕ್ಕಿದ ಮಾತ್ರಕ್ಕೆ ಲಿಪಿ ಮೂಡದು. 'ಸೂರ್ಯ' ಎಂಬಲ್ಲಿ ರಕಾರವನ್ನು ಮೊದಲು ಉಚ್ಚರಿಸುತ್ತೇವೆ, ಅರ್ಕಾವತ್ತಾಗಿ ಕೊನೆಯಲ್ಲಿ ಬರೆಯುತ್ತೇವೆ. ಯೂನಿಕೋಡ್ ಉಚ್ಚಾರದ ಕ್ರಮದಲ್ಲಿ ಸಂಗ್ರಹಿಸುತ್ತದೆ. ಅದನ್ನು ಬರಹದ ಕ್ರಮಕ್ಕೆ ತರುವ ವಿದ್ಯೆಯನ್ನು ಕಾರ್ಯಾಚರಣಾ ವ್ಯವಸ್ಥೆ ಕಲಿಯಬೇಕಾಗಿತ್ತು. ವಿಂಡೋಸ್ ಅದನ್ನು ಕಲಿತದ್ದು ೨೦೦೧ರ ಎಕ್ಸ್‌ಪಿ ಆವೃತ್ತಿಯಲ್ಲಿ. ಹತ್ತು ವರ್ಷಗಳ ಆ ಅಂತರದಲ್ಲಿ ಹೊರನಾಡಿನ ಸಂಘಗಳು ಅಚ್ಚುಹಾಕಿದ್ದೆಲ್ಲ ಹಳೆಯ ಫಾಂಟುಗಳಲ್ಲೇ. ಅದರ ನಂತರವೂ ನಾವು ಅಭ್ಯಾಸಬಲದಿಂದ ಅವನ್ನೇ ಬಳಸಿದೆವೆಂಬುದನ್ನು ಸಂಕೋಚದಿಂದಲೇ ಒಪ್ಪಿಕೊಳ್ಳಬೇಕು.

ಹಳೆಯದನ್ನು ಯೂನಿಕೋಡಿಗೆ ಪರಿವರ್ತಿಸುವ ತಂತ್ರಾಂಶಗಳಿವೆ. ಆದರೆ ಅವು ಅರ್ಕಾವತ್ತಿನಲ್ಲಿ, ದೀರ್ಘದಲ್ಲಿ ಎಡವುತ್ತವೆ. ಅಚ್ಚಾದ ಪ್ರತಿಯೊಡನೆ ಕನ್ನಡ ಬಲ್ಲವರು ಕುಳಿತು ತಾಳೆ ನೋಡಬೇಕು. ಗಣಕ ಬಲ್ಲ ಮಕ್ಕಳು ಮನೆಮನೆಯಲ್ಲಿದ್ದಾರೆ. ಮರಾಠಿ, ಇಂಗ್ಲಿಷ್ ಶಾಲೆಗಳಲ್ಲಿ ಓದಿದ ಅವರಲ್ಲಿ ಒತ್ತಕ್ಷರದ ತಪ್ಪು ಹಿಡಿಯಬಲ್ಲವರು ವಿರಳ. ಹಿಡಿಯಬಲ್ಲವರಿಗೆ ಎಪ್ಪತ್ತು ದಾಟಿದೆ. ಇಬ್ಬರೂ ಒಂದೇ ಮೇಜಿಗೆ ಕುಳಿತರೆ ಮಾತ್ರ ಈ ಕೆಲಸವಾದೀತು.

ಆದ್ದರಿಂದ ಹಳೆಯ ಫ್ಲಾಪಿ, ಸಿ.ಡಿ.ಗಳು ಮನೆಯಲ್ಲಿದ್ದವರು ದಯವಿಟ್ಟು ಸಂಘದ ಕಚೇರಿಗೆ ತಲುಪಿಸಬೇಕು. ಯಾವ ಫಾಂಟು ಬಳಸಿದ್ದಿರೆಂಬುದನ್ನು ನೆನಪಿದ್ದಷ್ಟು ಚೀಟಿಯಲ್ಲಿ ಬರೆದಿಡಿ. ಅಚ್ಚಾದ ಪ್ರತಿಯಿದ್ದರೆ ಅದನ್ನೂ ಜೊತೆಗಿಡಿ.