ಕತ್ತರಿಗೆ ಸಿಕ್ಕ ಹೆಂಗಸರು

ಹಂದನಕೆರೆಯ ಮದುವೆಮನೆಯೊಂದರಲ್ಲಿ ನಾನು ಒಂದು ಸಾಕ್ಷ್ಯಚಿತ್ರದ ಮಾತೆತ್ತಿದೆ. "ಹೀರೋ ಇಲ್ಲ, ಹಾಡಿಲ್ಲ, ಕೂಲಿ ಹೆಂಗಸರು ಮಾತಾಡ್ತಾರೆ ಅಷ್ಟೇ. ಅದೂ ಒಂದು ಸಿನಿಮಾನೇನಮ್ಮ?" ಎಂದು ನೆಂಟರೊಬ್ಬರು ನಕ್ಕರು. ಎಲೆಯ ಮುಂದೆ ಕೂತಿದ್ದೆ, ಸುಮ್ಮನಾದೆ. ಅಂದು ನುಂಗಿಕೊಂಡ ಉತ್ತರವಿದು.

ಸಿನಿಮಾದಲ್ಲಿ ತೆಂಗಿನ ತೋಟ ಬಂದರೆ ನಾಯಕಿ ಓಡುತ್ತಾಳೆ, ನಾಯಕ ಅಟ್ಟಿಸಿಕೊಂಡು ಬರುತ್ತಾನೆ. ನಾರಿನ ಕಾರ್ಖಾನೆಯ ಧೂಳಿಗೆ ಸೆರಗನ್ನು ಮೂಗಿಗೆ ಕಟ್ಟಿ ದುಡಿಯುವವಳು ಎಲ್ಲಿ? ವರ್ಷವಿಡೀ ಅಟ್ಟದಲ್ಲಿದ್ದ ಕಾಯಿಯ ಕರಟ ಒಡೆದು ಕೊಬ್ಬರಿ ಬಿಡಿಸುವವಳು ಎಲ್ಲಿ? ಸಂಕಲನವೆಂದರೆ ಏನನ್ನು ಉಳಿಸಬೇಕು, ಏನನ್ನು ಕತ್ತರಿಸಬೇಕೆಂಬ ತೀರ್ಮಾನ. ನಮ್ಮನ್ನು ಮೊದಲೇ ಕತ್ತರಿಸಿ, ಆಮೇಲೆ 'ನಿಮ್ಮ ಕಥೆ ಯಾರಿಗೆ ಬೇಕು?' ಎನ್ನುತ್ತಾರೆ!

ಬೆಂಗಳೂರಿನ ದೀಪಾ ಧನರಾಜ್ ಹಾಗೆ ಕತ್ತರಿಸಲಿಲ್ಲ. 1980ರಲ್ಲಿ ಗೆಳತಿಯರೊಡನೆ 'ಯುಗಾಂತರ' ಎಂಬ ಚಿತ್ರತಂಡ ಕಟ್ಟಿದರು. ನಮ್ಮದೇ ಬೆಳಗಾವಿ ಜಿಲ್ಲೆಯ ನಿಪ್ಪಾಣಿಯಲ್ಲಿ ತಂಬಾಕಿನ ಘಾಟಿನೊಳಗೆ ದುಡಿದು, ಒಗ್ಗೂಡಿ, ಮಾಲೀಕರಿಗೆ ಎದುರು ನಿಂತ ಹೆಂಗಸರ ಜೊತೆ ಕೂತು, ಅವರ ಮಾತು ಕೇಳಿ, 1982ರಲ್ಲಿ 'ತಂಬಾಕು ಚಾಕೀಲಾ ಊಬ್ ಆಲೀ' ಎಂಬ ಮರಾಠಿ ಚಿತ್ರ ಮಾಡಿದರು. 1991ರ 'ಸಮ್‌ಥಿಂಗ್ ಲೈಕ್ ಎ ವಾರ್' ಕುಟುಂಬ ಯೋಜನೆಯನ್ನು ಹೆಂಗಸರ ಕಡೆಯಿಂದ ನೋಡಿತು. ಆಪರೇಷನ್ ಕ್ಯಾಂಪಿನಲ್ಲಿ ಸಾಲಾಗಿ ಮಲಗಿ ಎದ್ದು ಬಂದ ನಮ್ಮ ಅತ್ತೆ, ಚಿಕ್ಕಮ್ಮಂದಿರನ್ನು ಕೇಳಿ ನೋಡಿ, ಅದು ಕಥೆಯೋ ಅಲ್ಲವೋ ಎಂದು. ತಮಿಳುನಾಡಿನ ಮುಸ್ಲಿಂ ಹೆಂಗಸರೇ ನಡೆಸುವ ಜಮಾತಿನ ಬಗ್ಗೆ 2011ರಲ್ಲಿ, ರೋಹಿತ್ ವೇಮುಲ ಸಾವಿನ ನಂತರದ ಹೋರಾಟದ ಬಗ್ಗೆ 2018ರಲ್ಲಿ ಚಿತ್ರ ಮಾಡಿದರು. ಮೂವತ್ತೆಂಟು ವರ್ಷ ಒಂದೇ ಹಟ!

'ಅಂಥ ಚಿತ್ರ ಜನ ನೋಡಲ್ಲ' ಎನ್ನುವವರಿಗೆ ನನ್ನದೊಂದೇ ಪ್ರಶ್ನೆ: ನೀವು ತೋರಿಸಿದ್ದು ಯಾವಾಗ? ನಮ್ಮ ಕಡೆ ಟೆಂಟಿನಲ್ಲಿ ಎಂಥೆಂಥ ಚಿತ್ರ ಬಂದವು, ಇಂಥದೊಂದು ಬಂದದ್ದನ್ನು ನಾನು ಕಾಣೆ. ಬಡಿಸದೆಯೇ 'ಇವರಿಗೆ ಹಸಿವಿಲ್ಲ' ಎನ್ನುವುದು ಯಾವ ನ್ಯಾಯ? ಪ್ರಶಸ್ತಿ ಕೊಟ್ಟು ಶಾಲು ಹೊದಿಸಿದರೆ ಸಾಲದು. ಸ್ವತಂತ್ರವಾಗಿ ಚಿತ್ರ ಮಾಡುವವಳಿಗೆ ಬೇಕಾದದ್ದು ನೋಡುವ ಜನ.

ಆ ಜನ ನಾವೇ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ಅಕ್ಕಂದಿರೇ, ಸ್ತ್ರೀಶಕ್ತಿ ಸಂಘದ ಮುಂದಿನ ಸಭೆಯಲ್ಲಿ ಸಾಲದ ಲೆಕ್ಕ ಮುಗಿದ ಮೇಲೆ ಗೋಡೆಗೊಂದು ಬಿಳಿ ಪಂಚೆ ಕಟ್ಟಿ, ಇಂಥ ಚಿತ್ರವೊಂದನ್ನು ತರಿಸಿ ನೋಡೋಣ. ನಿಪ್ಪಾಣಿಯವಳು ಮಾತಾಡಿ ಮುಗಿಸಿದ ಮೇಲೆ ನಮ್ಮ ನಾರಿನ ಕಾರ್ಖಾನೆಯವಳೂ ಬಾಯಿ ಬಿಟ್ಟಾಳು. ನಕ್ಕ ನೆಂಟರಿಗೂ ಒಂದು ಚಾಪೆ ಹಾಸಿಡೋಣ.